ನಾರಾಯಣಮ್ಮ ಒತ್ತದ ಬಟನ್

ಜನ ಆ್ಯಪ್ ಬಳಸುವಾಗ ಎಲ್ಲಿ ತಡವರಿಸ್ತಾರೆ ಅಂತ ಪಕ್ಕದಲ್ಲಿ ಕೂತು ಬರೆದುಕೊಳ್ಳೋದು ನನ್ನ ಕೆಲಸ. ಅವತ್ತು ವಕ್ಕಲೇರಿಯ ಹಾಲಿನ ಡೈರಿ ಜಗಲಿಯಲ್ಲಿ ನಾರಾಯಣಮ್ಮನವರ ಕೈಗೆ ಟ್ಯಾಬ್ ಕೊಟ್ಟಿದ್ದೆ. ಹಸು ಸತ್ತರೆ ವಿಮೆಯವರಿಗೆ ತಿಳಿಸೋ ಆ್ಯಪ್ ಅದು. ತಮ್ಮ ಹಸುವಿನ ಕಿವಿಗೆ ವಿಮೆಯವರು ಹಾಕಿದ ಓಲೆಯ ನಂಬರನ್ನು ಅವರು ಚಕಚಕ ಹಾಕಿದರು. ‘ಸತ್ತಿದೆ’ ಅನ್ನೋ ಬಟನ್ ಬಂತು. ಬೆರಳು ನಿಂತುಬಿಟ್ಟಿತು.

ಸ್ಟಾಪ್‌ವಾಚ್ ಓಡ್ತಿತ್ತು. ನಡುವೆ ನಾನು ಬಾಯಿ ಬಿಡಬಾರದು ಅನ್ನೋದು ನಿಯಮ. ಒಂದು ನಿಮಿಷವಾಯ್ತು, ಎರಡಾಯ್ತು. ಈ ಪರೀಕ್ಷೆ ಕೆಟ್ಟರೆ ಆಫೀಸಿನಲ್ಲಿ ಏನು ಹೇಳಲಿ? ಕೊನೆಗೆ ನಾನೇ ನಿಯಮ ಮುರಿದೆ.

“ಸುಮ್ನೆ ಪರೀಕ್ಷೆಗಮ್ಮ. ಏನೂ ಆಗಲ್ಲ, ಒತ್ತಿ.”

“ವದ್ದು ತಲ್ಲೀ, ಬೇಡಮ್ಮಾ, ನನ್ ಕೈಲಾಗಲ್ಲ. ಬೆಳಿಗ್ಗೆ ತಾನೇ ಹಾಲು ಕರೆದು ಬಂದಿದ್ದೀನಿ, ಅದನ್ನ ಸತ್ತೋಯ್ತು ಅಂತ ಒತ್ಲಾ?” ಅಂದವರೇ ಟ್ಯಾಬ್ ನನ್ನ ಮಡಿಲಿಗಿಟ್ಟರು. “ಏನೂ ಆಗಲ್ವಲ್ಲ, ನಿಮ್ಮೆಜಮಾನ್ರ ಹೆಸರು ಹಾಕಿ ನೀವೇ ಒತ್ತಿ, ನೋಡೋಣ.”

ಹಸುವಿನ ಹೆಸರು ಕೇಳೋ ಜಾಗದಲ್ಲಿ ಗಂಡನ ಹೆಸರು ಹಾಕಿದೆ. ಬೆರಳು ಬಟನ್‌ವರೆಗೂ ಹೋಯ್ತು, ಅಷ್ಟೇ.

ಈ ಹಂತ ದಾಟಲಾಗದವರು ಇಬ್ಬರು ಅಂತ ವರದಿ ಕಳಿಸಿದ್ದೀನಿ. ಪರೀಕ್ಷೆಗೆ ಕೂತಿದ್ದವರು ಒಬ್ಬರೇ ಅಲ್ವಾ ಅಂತ ಆಫೀಸಿನವರು ಇನ್ನೂ ಕೇಳ್ತಾನೇ ಇದ್ದಾರೆ.