ಗೋಣಿಪಟ್ಟಿಯಲ್ಲಿ ಬಿಗಿದ ಕಾಲುಗಳು

ನಲವತ್ತೆರಡನೆಯ ಇಸವಿ, ಕಾರ್ತಿಕದ ಒಂದು ಸೋಮವಾರ, ಬೆಳಗಿನ ಎಂಟು ಗಂಟೆ. ಗಂಗಾವತಿ ಸೀಮೆಯ ತುಂಗಭದ್ರೆಯ ದಡದಲ್ಲಿ ಇದ್ದವರು ಅಂಬಿಗ, ನನ್ನ ಅಕ್ಕ, ನಾನು ಮತ್ತು ಅಕ್ಕನ ನಾಯಿ. ಆಚೆ ದಡದ ಗಂಡನ ಮನೆಗೆ ಅಕ್ಕನನ್ನು ಬಿಟ್ಟುಬರುವುದು ಅಪ್ಪ ನನಗೆ ವಹಿಸಿದ ಕೆಲಸ. ಎಂಟು ತಿಂಗಳಿಂದ ತವರಿನಲ್ಲಿದ್ದ ಅಕ್ಕ, ನಾಯಿ ಜೊತೆಗೆ ಬಂದರೆ ಮಾತ್ರ ಹೋಗುತ್ತೇನೆ ಎಂದಿದ್ದಳು.

ಹರಿಗೋಲಿಗೆ ಹೊದಿಸಿದ್ದು ತೊಗಲು. ಉಗುರು ತಾಗಿ ತೂತು ಬೀಳಬಾರದೆಂದು ನಾಯಿಯ ಪಾದಗಳಿಗೆ ಗೋಣಿಪಟ್ಟಿ ಸುತ್ತುವುದು ಅಲ್ಲಿಯ ರೂಢಿ.

“ಒಂದೊಂದು ಕಾಲು ಬ್ಯಾರೆ ಬ್ಯಾರೆ ಸುತ್ರಿ,” ಎಂದ ಅಂಬಿಗ.

ಅಲುಗಾಡದಿದ್ದರೆ ಒಳ್ಳೆಯದೆಂದು ನಾನು ಮುಂಗಾಲುಗಳನ್ನು ಜೋಡಿಸಿ, ಹಿಂಗಾಲುಗಳನ್ನು ಜೋಡಿಸಿ ಬಿಗಿದೆ. ಹರಿಗೋಲಿನಲ್ಲಿ ಅಕ್ಕನ ಬಟ್ಟೆಗಂಟಿನ ಮೇಲೆ ಮಲಗಿಸಿದೆ.

ನಡುಹೊಳೆಯಲ್ಲಿ ಹರಿಗೋಲು ಬಂಡೆಗೆ ತಾಗಿ ಗಿರ್ರನೆ ತಿರುಗಿ ವಾಲಿತು. ಕಾಲೂರಲಾಗದ ನಾಯಿ ಅಂಚು ದಾಟಿ ನೀರಿಗೆ ಉರುಳಿತು. ಈಜುವಂತೆಯೂ ಇರಲಿಲ್ಲ. ನಾನು ಏಳಹೋದೆ.

“ಏಳಬ್ಯಾಡ್ರಿ, ಎಲ್ಲಾರೂ ಹೊಳಿಪಾಲಾಗ್ತೀವಿ. ಯವ್ವಾ, ನೀ ಆ ಕಡಿ ಅಂಚಿಗೆ ಭಾರ ಹಾಕು. ನೀವು ಈ ಕಡಿ ಬಗ್ಗ್ರಿ.”

ಅಂಬಿಗ ಹುಟ್ಟು ಹಾಕುತ್ತ ಹರಿಗೋಲನ್ನು ಹರಿವಿನ ಜೊತೆ ಇಳಿಸಿದ. ಅಕ್ಕ ನಾಯಿಗೆ ಬೆನ್ನುಮಾಡಿ ಕೂರಬೇಕಾಯಿತು.

“ಸಿಕ್ತೇನೋ?”

“ಇಲ್ಲ.”

“ಈಗ?”

ಎರಡು ಸಲ ಮುಳುಗಿ ಎದ್ದ ಮೂಗು ಮೂರನೆಯ ಸಲ ಏಳಲಿಲ್ಲ. ನೀರಿನಡಿ ಗೋಣಿಪಟ್ಟಿಯ ತುದಿ ಕಂಡಿತು. ಭುಜದವರೆಗೆ ಕೈ ಇಳಿಸಿ ಅದನ್ನೇ ಹಿಡಿದೆಳೆದೆ.

ದಡದಲ್ಲಿ ನಾಯಿಯನ್ನು ತಲೆಕೆಳಗೆ ಹಿಡಿದು ಅಲುಗಿಸಿದಾಗ ಅದು ನೀರು ಕಾರಿ ಉಸಿರೆಳೆಯಿತು. ನೆನೆದ ಗಂಟುಗಳನ್ನು ಮಾತ್ರ ಬಿಚ್ಚಲಾಗಲಿಲ್ಲ. ಅಂಬಿಗ ಕುಡುಗೋಲಿನಿಂದ ಕೊಯ್ದ.

“ಕಳ್ಳನ್ನ ಕಟ್ಟಿದಂಗ ಕಟ್ಟೀರಲ್ರಿ.”

ಅಕ್ಕ ನಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಂದೆ ನಡೆದಳು. ದಾರಿಯುದ್ದಕ್ಕೂ ನನ್ನ ಕೈ ಹತ್ತಿರ ಹೋದಾಗಲೆಲ್ಲ ಅದು ಕಾಲುಗಳನ್ನು ಒಳಗೆಳೆದುಕೊಳ್ಳುತ್ತಿತ್ತು.

ಸಂಜೆ ಆಕೆಯ ಅತ್ತೆಮನೆಯ ಅಂಗಳದಲ್ಲಿ, ಅಪ್ಪ ಹೇಳಿದಂತೆ, ನಾಯಿ ಕಟ್ಟಲು ಗೂಟ ಹೊಡೆದೆ. ಅಕ್ಕ ಬಾಗಿಲಿಗೆ ಬಂದಳು.

“ಕಟ್ಟಬ್ಯಾಡ.”

“ಊರಿಗೆ ಓಡಿ ಬಂದ್ರ?”

“ಬರ್ಲಿ. ಹೊಳಿ ದಾಟೂದು ಅದಕ್ಕಾದ್ರೂ ಗೊತ್ತಾಗ್ಲಿ.”

ಗೂಟ ಕಿತ್ತೆ. ಕುಣಿಗೆ ಮಣ್ಣು ತುಂಬಿ, ಹಿಮ್ಮಡಿಯಿಂದ ತುಳಿದು ಸಮಮಾಡಿದೆ.