ಶೋಧಕ ಬಿಡದೆ ಇಳಿದ ಗ್ರಹ

ಬಾಹ್ಯಾಕಾಶದ ಆಟ ನಮ್ಮ ಬೈಲಹೊಂಗಲದ ಮನೆಗೆ ಬಂದದ್ದು ಮೈದುನನಿಂದ. ಸವದತ್ತಿಯಲ್ಲಿ ಅವನು ಆಡುತ್ತ ಕೂತದ್ದನ್ನು ನೋಡಿ ನೋಡಿ ಬೇಸತ್ತ ಅವನ ಹೆಂಡತಿ, ಆ ಆಟದ ಯಂತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಜೋಳದ ಚೀಲದ ಜೊತೆ ನಮ್ಮಲ್ಲಿಗೆ ಸಾಗಿಸಿಬಿಟ್ಟಳು. ಅವನು ಬಂದಾಗ ಆಡಲಿ ಎಂದು ಟಿವಿಗೆ ಜೋಡಿಸಿಟ್ಟೆವು. ಆಡಲು ಕಲಿತವಳು ಮಾತ್ರ ನಾನು.

ಸಂಜೆ ದೀಪ ಹಚ್ಚಿದ ಮೇಲೆ ಸ್ವಲ್ಪ ಬಿಡುವು. ಆಗ ನೌಕೆ ಹತ್ತಿ ಯಾವುದಾದರೊಂದು ಗ್ರಹಕ್ಕೆ ಇಳಿಯುತ್ತಿದ್ದೆ. ಅಲ್ಲಿ ನಡೆದಾಡಬೇಕು, ಗಿಡ, ಕಲ್ಲು, ಪ್ರಾಣಿ ಏನು ಕಂಡರೂ ಕೈಯಲ್ಲಿನ ಸಾಧನ ಹಿಡಿದು ಗುರುತು ಹಾಕಿಕೊಳ್ಳಬೇಕು. ಗುಂಡು ಹಾರಿಸುವ ಭಾಗವೂ ಇದೆಯಂತೆ, ನಾನು ಅತ್ತ ಹೋಗಿಲ್ಲ.

ಅತ್ತೆ ಬಂದು ಪಕ್ಕದ ಕುರ್ಚಿಯಲ್ಲಿ ಕೂರುವುದು ಯಾವಾಗ ಶುರುವಾಯಿತೋ ನೆನಪಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ನೇಸರಗಿ ಹಾದಿಯ ನಮ್ಮ ಹೊಲಕ್ಕೆ ಅವರು ಹೋಗುವುದು ನಿಂತಿತ್ತು. ಎಳ್ಳಮವಾಸ್ಯೆಗೆ ನಮ್ಮಲ್ಲಿ ಚರಗ ಚೆಲ್ಲುತ್ತಾರೆ. ಕಟ್ಟಿಕೊಂಡು ಹೋದ ಅಡುಗೆಯನ್ನು ಭೂಮಿತಾಯಿಗೆಂದು ಹೊಲದ ತುಂಬ ಎರಚಿ, ನಾಲ್ಕೂ ಬದು ಸುತ್ತಿ ಬಂದ ಮೇಲೆಯೇ ಊಟಕ್ಕೆ ಕೂರುವುದು. ಆ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವರು ಅತ್ತೆ. ಮನೆ ಹಿಡಿದ ಮೇಲೆ ಅವರ ಮಾತೇ ಕಡಿಮೆಯಾಗಿತ್ತು. ಟಿವಿಯಲ್ಲಿ ನಾನು ನೆಲಕ್ಕಿಳಿದ ಕೂಡಲೆ ಮಾತ್ರ ಜೀವ ಬರುತ್ತಿತ್ತು.

“ಇಳದಕೀನ ಕಲ್ಲಿಗೆ ಕೈ ಹಾಕಬ್ಯಾಡವಾ. ಮೊದಲ ಒಂದ ಸುತ್ತ ಹಾಕು. ಯಾರ ಹೊಲಾನೋ ಏನೋ.”

“ಇಲ್ಲಿ ಯಾರೂ ಇಲ್ರಿ ಅತ್ತಿ.”

“ಇಲ್ಲಂತ ನಿನಗ ಹೆಂಗ ಗೊತ್ತು? ಸುತ್ತಿ ನೋಡೀಯೇನ?”

ಸುತ್ತುತ್ತಿದ್ದೆವು. ಎಡಕ್ಕೆ, ಬಲಕ್ಕೆ ಎಂದು ಅವರೇ ದಾರಿ ಹೇಳುವರು. ಮಣ್ಣು ಕೆಂಪಗಿದ್ದರೆ ಸುಮ್ಮನಿರುವರು, ಕಪ್ಪಗಿದ್ದರೆ “ಎರಿ ಐತಿ, ಚಲೋ ಐತಿ” ಎಂದು ಮುಂದೆ ಬಾಗುವರು.

ಒಂದು ದಿನ ಮೈದುನ ಫೋನು ಮಾಡಿದ. “ವೈನಿ, ಆಟದಾಗ ಹೊಸಾದು ಬಂದೈತ್ರಿ. ಇನ್ನ ತಿರಗೋ ತ್ರಾಸ ಇಲ್ಲ.”

ತ್ರಾಸ ಅಲ್ಲಿಂದಲೇ ಶುರುವಾಯಿತು. ಗ್ರಹದ ಹತ್ತಿರ ಹೋಗುತ್ತಲೇ, ಮೇಲಿನಿಂದ ಶೋಧಕ ಬಿಡಿ ಎಂದು ಆಟ ಹೇಳತೊಡಗಿತು. ಬಿಟ್ಟರೆ ಗ್ರಹದ ತುಂಬ ಬಣ್ಣದ ಚುಕ್ಕೆ: ಇಲ್ಲಿ ಕಲ್ಲು, ಅಲ್ಲಿ ಗಿಡ. ಚುಕ್ಕೆಯ ಮೇಲೆ ಇಳಿ, ಗುರುತು ಹಾಕು, ಹೊರಡು. ವಾರಗಟ್ಟಲೆ ಹಿಡಿಯುತ್ತಿದ್ದ ಗ್ರಹ ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ಆಟ ಮಾಡಿದವರಿಗೆ ನಡೆಯುವುದೇ ಬೇಜಾರಿನ ಕೆಲಸ ಅನ್ನಿಸಿತೇನೋ. ನನಗೆ ಸಿಟ್ಟು ಬಂತು, ತೀರಿಸಿಕೊಳ್ಳುವುದು ಯಾರ ಮೇಲೆ?

ಅತ್ತೆ ಒಂದೆರಡು ಸಂಜೆ ನೋಡಿದರು. “ಸಂತಿಗೆ ಬಂದೀವೇನ, ಬೇಕಾದ್ದ ಆರಿಸ್ಕೊಂಡ ಹೋಗಾಕ?” ಎಂದರು. ಆಮೇಲೆ ಕಾಲು ನೋವೆಂದು ಒಳಗೇ ಮಲಗಿಬಿಟ್ಟರು. ಖಾಲಿ ಕುರ್ಚಿಯ ಪಕ್ಕ ಆಡುವ ಮನಸ್ಸಾಗುತ್ತಿರಲಿಲ್ಲ. ಆಡದಿದ್ದರೆ ಅವರನ್ನು ಹೊರಗೆ ಕರೆಯಲು ಬೇರೆ ನೆಪವಿರಲಿಲ್ಲ.

ಕೊನೆಗೆ ಒಂದು ಸಂಜೆ ಅವರ ಕೋಣೆಯ ಬಾಗಿಲಲ್ಲಿ ನಿಂತೆ. “ಆಟಾನ ಬದಲಾಗೇತ್ರಿ ಅತ್ತಿ. ಮೊದಲ ಮ್ಯಾಲಿಂದ ಹುಡುಕು ಅಂತೈತಿ. ನಾ ಏನ ಮಾಡ್ಲಿ?”

“ಅದು ಹೇಳಿದಂಗ ಕೇಳಾಕ ನೀ ಏನ ಅದರ ಸೊಸಿ ಏನ?”

“ನಿಮ್ಮ ಸೊಸಿ ರಿ.”

“ನನ್ನ ಮಾತರ ಎಂದ ಕೇಳೀದಿ?” ಎನ್ನುತ್ತ ಗೋಡೆ ಹಿಡಿದು ಎದ್ದರು.

ಪರದೆಯ ಮೇಲೆ ಬಂದದ್ದೆಲ್ಲ ಅಪ್ಪಣೆ ಎಂದೇ ನಾನು ತಿಳಿದಿದ್ದೆ. ಬೇಡವೆನ್ನಬಹುದೆಂದು ತೋಚಿರಲಿಲ್ಲ. ಆ ಸಂಜೆ ಶೋಧಕ ಬಿಡದೆ, ಕಣ್ಣಿಗೆ ಬಂದ ಜಾಗದಲ್ಲಿ ನೌಕೆ ಇಳಿಸಿದೆ. ಮೂಲೆಯಲ್ಲಿ ಸೂಚನೆ ಮಿನುಗುತ್ತಲೇ ಇತ್ತು.

“ಏನಂತೈತದು?”

“ಶೋಧಕ ಬಿಡು ಅನ್ನಾಕತ್ತೈತ್ರಿ.”

“ಅನ್ನಲಿ ಬಿಡು. ಎಡಕ್ಕ ನಡಿ.”

ನಡೆದೆವು. ಗಿಡ ಸಿಗಲಿಲ್ಲ, ಹೊಸ ಕಲ್ಲೂ ಸಿಗಲಿಲ್ಲ. ದಿಬ್ಬವೊಂದನ್ನು ಹತ್ತಿದರೆ ಮುಂದೆ ಇನ್ನೊಂದು ದಿಬ್ಬ.

“ಹಿಂದಕ್ಕ ಹೋಗೂನೇನ್ರಿ?” ಎಂದೆ.

“ಅದರ ಆಚೀಗಿ ಏನೈತಿ ನೋಡೂನು ತಡಿ,” ಎಂದು ಅತ್ತೆ ಕುರ್ಚಿಯನ್ನು ಟಿವಿಯ ಹತ್ತಿರ ಎಳೆದುಕೊಂಡರು.