ಅಜ್ಜನ ಕಡಿವಾಣ ತರಗತಿಗೆ ಬಂದ ದಿನ

ಮಾನ್ವಿಯ ಗುಜರಿ ಅಂಗಡಿಯಲ್ಲಿ ಇಂದು, ಕುದುರೆಯ ಬಾಯಿಗೆ ಹಾಕುವ ಕಬ್ಬಿಣದ ಕಡಿವಾಣ ಕಂಡೆ. ತುಕ್ಕಿನ ವಾಸನೆ ಬಂದದ್ದೇ ತಡ, ನಾನು ದೇವದುರ್ಗದ ಶಾಲೆಯಲ್ಲಿದ್ದೆ.

ಟೀಚರು ಕುದುರೆಯ ಸಾಹಸದ ಹಳೆಯ ಕಾದಂಬರಿ ಓದುತ್ತಾ ಹೊಸ ಪದ ಕಲಿಸುತ್ತಿದ್ದರು. ಅವರ ತರಗತಿಯಲ್ಲಿ ವಸ್ತುವನ್ನು ಮುಟ್ಟಿ ನೋಡದೆ ಅದರ ಪದ ಬರೆಯುವಂತಿರಲಿಲ್ಲ. "ಕಡಿವಾಣ ಯಾರ ಮನ್ಯಾಗ ಅದ?" ಎಂದರು.

ಗೆಳತಿಯರು ನಗುತ್ತಾರೆಂದು ಅಜ್ಜ ಟಾಂಗಾ ಓಡಿಸುವ ಸುದ್ದಿಯನ್ನೇ ಮುಚ್ಚಿಟ್ಟಿದ್ದ ನಾನು ಹೇಗೋ ಕೈ ಎತ್ತಿದೆ.

ಮರುದಿನ ಅಜ್ಜ ಕಡಿವಾಣ ಹಿಡಿದು ಬಂದು ಬಾಗಿಲಲ್ಲೇ ನಿಂತ. "ನನಗ ಅಕ್ಷರ ಬರಂಗಿಲ್ರೀ."

"ಪದ ಬರ್ತಾವಲ್ರೀ, ಒಳಗ ಬರ್ರಿ," ಎಂದು ಟೀಚರು ತಮ್ಮ ಕುರ್ಚಿ ಕೊಟ್ಟರು. ಅಜ್ಜ ಕಡಿವಾಣವನ್ನು ಎಲ್ಲರ ಕೈಗೂ ಕೊಟ್ಟು ಅದರ ಒಂದೊಂದು ಭಾಗದ ಹೆಸರು ಹೇಳಿದ, ನಾವು ಬರೆದುಕೊಂಡೆವು. ಯಾರೂ ನಗಲಿಲ್ಲ. ಭಾಷೆ ಕಟ್ಟಿದ್ದು ದುಡಿಯುವವರೆಂದು ಮುಂದೆ ಕಾರ್ಮಿಕ ಸಂಘದ ಕರಪತ್ರದಲ್ಲಿ ಓದುವ ಮೊದಲೇ ಅಂದು ಕಣ್ಣಾರೆ ಕಂಡೆ.

ಕಡಿವಾಣ ಕೊಂಡು ತಂದಿದ್ದೇನೆ. ನಾಳೆ ರಾಯಚೂರಿನ ನಮ್ಮ ಓಣಿಯ ಮಕ್ಕಳಿಗೆ ಅದೇ ಕಾದಂಬರಿ ಓದುತ್ತೇನೆ. ಯಾವ ಮಗುವಿನ ಅಜ್ಜ ಬರುತ್ತಾನೋ, ಕುರ್ಚಿ ಈಗಲೇ ಒರೆಸಿಟ್ಟಿದ್ದೇನೆ.